ಛಾಪಖಾನೆ ಯಾವ ರಾಜ್ಯಕ್ಕೆ

ಸ್ಟೇಷನ್ ರಸ್ತೆ, ಯಾದಗಿರಿ
೧೭ ಅಕ್ಟೋಬರ್ ೧೯೫೬, ಬುಧವಾರ

ಮಗಳು ಗೊಲ್ಲಾಳಿಗೆ ಅಪ್ಪನ ತುಂಬು ಆಶೀರ್ವಾದ. ಮನೆಯಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಎಲ್ಲರೂ ಅಂದರೆ ಈಗ ನಾನೊಬ್ಬನೇ, ಮತ್ತು ನಾನು ಕ್ಷೇಮ. ಬಲ ಮೊಣಕಾಲು ಮಾತ್ರ ಸ್ವಲ್ಪ ತಕರಾರು ಮಾಡುತ್ತದೆ. ಅದಕ್ಕೆ ಎಣ್ಣೆ ಹಚ್ಚುತ್ತಿದ್ದೇನೆ, ನೀನು ಬರೆದ ಎಣ್ಣೆ ಅಲ್ಲ, ಬೇರೆಯದು.

ನಿನ್ನ ಕಾಗದ ಮುಟ್ಟಿತು. "ಅಪ್ಪಾ, ಛಾಪಖಾನೆ ಎತ್ತಿಕೊಂಡು ಸಿಕಂದರಾಬಾದಿಗೆ ಬರ್ತೀಯೋ ಇಲ್ಲೋ, ಒಂದು ಸಾಲು ಬರಿ ಸಾಕು, ಪುರಾಣ ಬ್ಯಾಡ" ಎಂದು ಬರೆದಿದ್ದೀ. ಅಳಿಯಂದಿರು ನನಗಾಗಿ ನೋಡಿದ ಅಂಗಡಿಯ ಮಾಲೀಕ ದೀಪಾವಳಿ ದಾಟಿದರೆ ಕಾಯುವುದಿಲ್ಲ ಎಂಬುದೂ ತಿಳಿಯಿತು. ಒಂದು ಸಾಲು ಬರೆಯಲೆಂದೇ ಕೂತಿದ್ದೇನೆ. ಆದರೆ ಅದು ಯಾವ ಸಾಲು ಎಂಬುದು ಗೊತ್ತಾಗಬೇಕಾದರೆ ಅದರ ಹಿಂದಿನ ಸಾಲುಗಳನ್ನು ಬರೆಯಬೇಕಾಗುತ್ತದೆ.

ಹೈದರಾಬಾದಿನ ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಪ್ರೊಫೆಸರು ಪ್ರತಿ ವಾರ ಒಂದು ಕಾಂಪೊಜಿಷನ್ ಬರೆಸುತ್ತಿದ್ದರು. ರೈಲಿನ ಅಡ್ವಾಂಟೇಜು, ಡಿಸ್‌ಅಡ್ವಾಂಟೇಜು. ಹಾಸ್ಟೆಲಿನ ಅಡ್ವಾಂಟೇಜು, ಡಿಸ್‌ಅಡ್ವಾಂಟೇಜು. ಕೊನೆಯ ಪ್ಯಾರಾ 'ದೇರ್‌ಫೋರ್' ಎಂದು ಶುರುವಾಗಬೇಕು, ಇಲ್ಲದಿದ್ದರೆ ಅರ್ಧ ಮಾರ್ಕು ಕಟ್. ನಾನು ಎರಡೂ ಕಡೆಯದನ್ನು ಚೆನ್ನಾಗಿ ಬರೆಯುತ್ತಿದ್ದೆ. ದೇರ್‌ಫೋರ್ ಬರುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಇಂಟರ್ ಫೇಲಾದದ್ದು ಇಷ್ಟಕ್ಕೇ ಅಲ್ಲ, ಆದರೆ ಇದೂ ಒಂದು ಕಾರಣ.

ಮೊದಲು ಬರುವುದರ ಲಾಭ. ಬರುವ ತಿಂಗಳು ಒಂದನೇ ತಾರೀಖಿಗೆ ಯಾದಗಿರಿ, ಶಹಾಪುರ, ಸುರಪುರ ಎಲ್ಲ ಮೈಸೂರು ರಾಜ್ಯಕ್ಕೆ ಸೇರುತ್ತವೆ, ನೀವಿರುವ ಊರು ಆಂಧ್ರಕ್ಕೆ. ನಮ್ಮದು ಉರ್ದು ಕೆಲಸದ ಛಾಪಖಾನೆ. ಕಛೇರಿಯ ಫಾರ್ಮುಗಳು ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಳ್ವಿಕೆ ಹೋದಾಗಿನಿಂದಲೇ ಕಡಿಮೆಯಾಗಿವೆ. ಶಹಾಪುರದ ವಕೀಲರ ವಕಾಲತ್‌ನಾಮೆ, ಸುರಪುರದ ಮದುವೆ ಕಾರ್ಡು, ಗಂಜ್ ಮಾರುಕಟ್ಟೆಯ ಅಡತಿ ವ್ಯಾಪಾರಿಗಳ ರಸೀದಿ, ಇಷ್ಟರಲ್ಲಿ ಮಷೀನಿನ ಗಾಲಿ ಉರುಳುತ್ತಿತ್ತು. ವಕೀಲರು ಈಗಲೇ ಹೇಳಿದ್ದಾರೆ, ಇನ್ನು ಮುಂದೆ ಎಲ್ಲ ಕನ್ನಡ, ಇಲ್ಲವೇ ಇಂಗ್ಲಿಷು. ನಿಮ್ಮ ಊರಲ್ಲಾದರೆ ಉರ್ದು ಓದುವವರು ಇದ್ದೇ ಇರುತ್ತಾರೆ, ಅವರಿಗೆ ಮದುವೆಗಳೂ ಆಗುತ್ತಲೇ ಇರುತ್ತವೆ. ಇದು ದೊಡ್ಡ ಲಾಭ, ನಾನು ಇಲ್ಲ ಎನ್ನುವುದಿಲ್ಲ.

ಕನ್ನಡ ನಾಡು ಒಂದಾಗುತ್ತದೆಂದು ಊರು ಹಿಗ್ಗಿದೆ. ನಾನೂ ಹಿಗ್ಗಿದ್ದೇನೆ, ಸುಳ್ಳು ಹೇಳುವುದಿಲ್ಲ. ಮೆರವಣಿಗೆಯ ಕರಪತ್ರ ಅಚ್ಚು ಹಾಕಿಸಲು ಕಮಿಟಿಯ ಗುರಣ್ಣ ನಮ್ಮ ಬಾಗಿಲ ಮುಂದೆಯೇ ಹಾಯ್ದು ರೈಲು ಹತ್ತಿ ರಾಯಚೂರಿಗೆ ಹೋದ. ತಿರುಗಿ ಬರುವಾಗ ಅವನಿಗೇ ನಾಚಿಕೆಯಾಗಿರಬೇಕು, ಒಳಗೆ ಬಂದು, "ಜಗದೇವಪ್ಪನವರ, ಬ್ಯಾಸರ ಮಾಡ್ಕೋಬ್ಯಾಡ್ರಿ, ನಿಮ್ಮವು ಉರ್ದು ಕಲ್ಲು ಅಲ್ರಿ?" ಅಂದ. ಕಲ್ಲಿಗೆ ಯಾವ ಭಾಷೆ? ನೀನು ಸಣ್ಣವಳಿದ್ದಾಗ ನೋಡಿದ್ದೀಯಲ್ಲ, ಹಳದಿ ಕಾಗದದ ಮೇಲೆ ಕಾತಿಬ ತನ್ನ ಚಂದದ ಕೈಬರಹದಲ್ಲಿ ಬರೆದದ್ದು ಕಲ್ಲಿಗೆ ತಿರುವಾಗಿ ಇಳಿಯುತ್ತದೆ, ಕಲ್ಲಿನಿಂದ ಬೇಕಾದಷ್ಟು ಪ್ರತಿ ತೆಗೆಯುತ್ತೇವೆ. ಯಾವ ಭಾಷೆಯಲ್ಲಿ ಬರೆದರೂ ಕಲ್ಲು ತಗೊಳ್ಳುತ್ತದೆ. ಕನ್ನಡದಲ್ಲಿ ಹಾಗೆ ಬರೆಯುವ ಕೈ ಊರಲ್ಲಿಲ್ಲ. ನಾನೇ ಒಂದು ದಿನ ಬರೆದು ನೋಡಿದೆ. ಗಾಲಿ ತಿರುವಿ ಪ್ರತಿ ತೆಗೆದ ನಮ್ಮ ಅಮರಪ್ಪ ಅದನ್ನು ಬೆಳಕಿಗೆ ಹಿಡಿದು, "ಸಾವುಕಾರ್ರ, ಇದು ರಾಶಿ ಕಣದಾಗ ಕೋಳಿ ಕೆದರಿದಂಗ ಆಗ್ಯಾದ್ರಿ" ಅಂದ. ಸಂಬಳ ಕೊಡುವವನಿಗೆ ಆಡುವ ಮಾತೇ ಇದು?

ಇನ್ನು ಡಿಸ್‌ಅಡ್ವಾಂಟೇಜು. ಮೊದಲನೆಯದು ಅಮರಪ್ಪನೇ. ಗಾಲಿ ತಿರುವುವುದರಲ್ಲಿ ಅವನಂಥವನು ಸಿಗುವುದಿಲ್ಲ, ಅವನು ಊರು ಬಿಡುವವನಲ್ಲ. ಎರಡನೆಯದು, ನಿಮ್ಮಲ್ಲಿ ಸಂದಿಗೊಂದು ಛಾಪಖಾನೆ ಇದೆ, ನನ್ನನ್ನು ಯಾರು ಕೇಳುತ್ತಾರೆ? ಮೂರನೆಯದು, ನಿಮ್ಮವ್ವನ ಸಮಾಧಿ. ಸೋಮವಾರ ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತೇನೆ. ಅವಳಿದ್ದಿದ್ದರೆ ಈ ಲಾಭ ನಷ್ಟ ಒಂದೂ ಇರುತ್ತಿರಲಿಲ್ಲ. "ಹೊಂಡೂದಿದ್ರ ಗಂಟು ಕಟ್ರಿ, ಇಲ್ಲಾಂದ್ರ ಕೈಕಾಲು ತೊಳ್ಕೊಂಡು ಉಣ್ಣಾಕ ಬರ್ರಿ" ಎಂದು ಮುಗಿಸುತ್ತಿದ್ದಳು. ನಾಲ್ಕನೆಯದು ಮೊಣಕಾಲು, ಅದನ್ನು ಆಗಲೇ ಬರೆದೆ.

ಡೈಲೆಮಾ ಎಂದು ಒಂದು ಶಬ್ದವಿತ್ತು, ಎರಡು ಕೊಂಬಿನದು, ಯಾವ ಕೊಂಬು ತಪ್ಪಿಸಿಕೊಂಡರೂ ಇನ್ನೊಂದು ತಿವಿಯುತ್ತದೆ. ಅದು ಇಂಗ್ಲಿಷ್ ತಾಸಿನಲ್ಲಿ ಬಂದಿತ್ತೋ ಪ್ರಾಣಿಶಾಸ್ತ್ರದಲ್ಲಿ ಬಂದಿತ್ತೋ ಈಗ ನೆನಪಿಲ್ಲ.

ಇಲ್ಲಿಯ ತನಕ ಬರೆದದ್ದನ್ನು ಓದಿ ನೋಡಿದೆ. ಎಲ್ಲ ಖರೆ, ಆದರೆ ಮುಖ್ಯ ಸಂಗತಿ ಬಂದಿಲ್ಲ.

ನಮ್ಮ ಕಾತಿಬ ಗನಿಸಾಹೇಬ ತೀರಿಕೊಂಡು ಆರು ವರ್ಷವಾಯಿತು. ಆಮೇಲೆ ಕಲಬುರ್ಗಿಯಿಂದ ಯಾರೋ ಬರೆದು ಕಳಿಸುತ್ತಾರೆ ಎಂದು ನಿನಗೂ ಹೇಳಿದ್ದೆ, ಗಿರಾಕಿಗಳಿಗೂ ಹೇಳಿದ್ದೆ. ಕಲಬುರ್ಗಿಯಲ್ಲಿ ಹಾಗೆ ಯಾರೂ ಇಲ್ಲ. ಬರೆಯುವುದು ಗನಿಸಾಹೇಬನ ಹೆಂಡತಿ ಶರೀಫಾಬೀ. ಗಂಡನ ಕೈ ನಡುಗಲು ಶುರುವಾದಾಗಿನಿಂದ ಆಕೆಯೇ ಬರೆಯುತ್ತಿದ್ದಳಂತೆ. ಪರದೆಯ ಮನೆ, ಸೊಸೆಯ ಹೆಸರು ಬಜಾರಿಗೆ ಬರಬಾರದು ಎಂದು ಅತ್ತೆ ಖುರ್ಷೀದಬೇಗಂ ಷರತ್ತು ಹಾಕಿದರು. ನಾನು ಒಪ್ಪಿದೆ. ಹೊಸ್ತಿಲಲ್ಲಿ ಬೇಗಂ ಎಲೆಡಿಕೆ ಕುಟ್ಟುತ್ತಾ ಕೂತಿರುತ್ತಾರೆ, ಪರದೆಯ ಹಿಂದಿನಿಂದ ಹಳದಿ ಕಾಗದ ಬರುತ್ತದೆ. ಆಕೆಯ ಮುಖ ನಾನು ಈ ತನಕ ನೋಡಿಲ್ಲ. ಆದರೆ ಅಕ್ಷರ ನೋಡಿದರೆ ಆ ದಿನ ಅತ್ತೆ ಸೊಸೆ ಜಗಳಾಡಿದ್ದಾರೋ ಇಲ್ಲವೋ ಹೇಳುತ್ತೇನೆ. ಜಗಳವಾದ ದಿನ ಬರಹ ಹೆಚ್ಚು ಚಂದ. ಕಾಗದ ತರಲು ಅಮರಪ್ಪನನ್ನು ಕಳಿಸಬಹುದು. ಅವನಿಗೆ ಗಾಲಿಯ ಕೆಲಸವೇ ಬಹಳ, ಅದಕ್ಕೆ ನಾನೇ ಹೋಗುತ್ತೇನೆ.

ಈಗ ತಿಳಿಯಿತಲ್ಲ. ನಾನು ಕಲ್ಲು ಎತ್ತಿದರೆ ಆ ಮನೆಯ ಒಲೆ ಆರಿದಂತೆ. ನಿಮ್ಮ ಊರಲ್ಲಿ ಕಾತಿಬರು ಗಂಡಸರು, ಪರದೆಯ ಹಿಂದಿನ ಕೈಗೆ ಯಾರು ಕೆಲಸ ಕೊಡುತ್ತಾರೆ? ಜೊತೆಗೆ ಕರೆದುಕೊಂಡು ಬರೋಣವೆಂದರೆ, ಹೆಂಡತಿ ಸತ್ತ ಲಿಂಗಾಯತನೊಬ್ಬ ಮುಸಲ್ಮಾನರ ವಿಧವೆಯನ್ನು ರೈಲಿಗೆ ಹತ್ತಿಸಿಕೊಂಡು ಹೋದ ಎಂಬುದಕ್ಕಿಂತ ಹೆಚ್ಚಿನದು ಈ ಊರಿಗೆ ಬೇಕಿಲ್ಲ, ಮೈಸೂರು ರಾಜ್ಯವನ್ನೂ ಮರೆತು ಅದನ್ನೇ ಮಾತಾಡುತ್ತಾರೆ. ಎತ್ತದೇ ಕೂತರೆ ಎರಡೂ ಮನೆಗೆ ಕೆಲಸವಿಲ್ಲ. ವರ್ಷಗಟ್ಟಲೆ ಈ ವಿಚಾರದಲ್ಲಿ ಇದ್ದೇನೆ. ಬೆಳಿಗ್ಗೆ ಎದ್ದು ಹೋಗೋಣ ಅನ್ನುತ್ತೇನೆ, ಹಳದಿ ಕಾಗದ ತರುವ ಹೊತ್ತಿಗೆ ಬೇಡ ಅನ್ನುತ್ತೇನೆ. ಗಾಣದ ಎತ್ತಾದರೂ ಸಂಜೆಗೆ ಬಿಚ್ಚಿಸಿಕೊಳ್ಳುತ್ತದೆ.

ಭಾನುವಾರ ದಸರೆಯ ಬನ್ನಿ ಕೊಡಲು ಅವರ ಮನೆಗೂ ಹೋದೆ. ಪ್ರತಿ ವರ್ಷ ಹೋಗುತ್ತೇನೆ, ಬೇಗಂ ಎಲೆಯನ್ನು ಹಣೆಗೆ ಒತ್ತಿಕೊಂಡು ಕಿಟಕಿಯಲ್ಲಿ ಇಡುತ್ತಾರೆ. ಈ ಸಲ ಹೇಳಿಯೇ ಬಿಡಬೇಕೆಂದು ಗಟ್ಟಿಮಾಡಿಕೊಂಡಿದ್ದೆ. "ಬೇಗಂ ಸಾಹೇಬರ, ಮಗಳು ಹೈದರಾಬಾದಿಗೆ ಕರಿಯಾಕತ್ಯಾಳ. ನನಗ ನಿಮ್ಮ ಮನಿದೇ ಚಿಂತಿ ಆಗ್ಯಾದ" ಅಂದೆ.

ಬೇಗಂ ಕುಟ್ಟುವುದನ್ನು ನಿಲ್ಲಿಸಿದರು. "ನಮ್ಮ ಚಿಂತಿ ನಿಮಗ ಯಾರು ಗುತ್ತಿಗಿ ಕೊಟ್ಟಾರ್ರಿ?" ಅಂದರು. "ಎರಡು ವರ್ಷಾತು, ಈಕಿ ತಮ್ಮ ಹೈದರಾಬಾದಿನಿಂದ ಖತ್ ಮ್ಯಾಲ ಖತ್ ಹಾಕಾಕತ್ತಾನ. ಪುಸ್ತಕಕ್ಕ ರಟ್ಟು ಹಾಕೂ ಅಂಗಡಿ ಅದ ಅವಂದು. ಅಕ್ಕಾ ಬಾ, ಬರಿಯೂ ಕೆಲಸ ಹೇರಳ ಅದ ಅಂತಾನ. ಈ ಪುಣ್ಯಾತಗಿತ್ತಿ ಒಲ್ಲೆ ಅಂತಾಳ. ಯಾಕ ಅಂತ ಕೇಳ್ರಿ!"

ನಾನು ಕೇಳುವ ಮೊದಲೇ ಬೇಗಂ ತಾವೇ ಹೇಳಿದರು. "ತಾ ಹೋದ್ರ ಜಗದೇವಪ್ಪನವರ ಕಾರಖಾನಾ ಬಂದ್ ಆಗ್ತದಂತ!"

ಪರದೆಯ ಹಿಂದೆ ಲೇಖನಿ ಕೆಳಗಿಟ್ಟ ಸದ್ದಾಯಿತು. ಆರು ವರ್ಷದಲ್ಲಿ ಶರೀಫಾಬೀ ನನ್ನ ಜೊತೆ ನೇರ ಮಾತಾಡಿದ್ದು ಅದೇ ಮೊದಲು. "ನಾ ಏನಾಗ್ತೀನೋ ಅಂತ ನೀವು ಕುಂತೀರಿ, ನೀವು ಏನಾಗ್ತೀರೋ ಅಂತ ನಾ ಕುಂತೀನಿ. ಇದ್ರಾಗ ಯಾರಿಗೆ ಏನು ಫಾಯಿದಾ ಆತ್ರಿ?" ಅಂದಳು.

ಗೊಲ್ಲಾಳಿ, ನನಗೆ ಮೊದಲು ಬಂದದ್ದು ಸಿಟ್ಟು. ಒಂದು ಮನೆಯನ್ನು ಹೊತ್ತುಕೊಂಡಿದ್ದೇನೆ ಎಂದು ಒಳಗೊಳಗೇ ಬೀಗುತ್ತಿದ್ದೆನಲ್ಲ, ಅವರು ನನ್ನನ್ನು ಹೊತ್ತುಕೊಂಡಿದ್ದರೆಂದು ತಿಳಿದರೆ ಮುಖ ಎಲ್ಲಿ ಇಟ್ಟುಕೊಳ್ಳಲಿ? ಚಪ್ಪಲಿ ಮೆಟ್ಟಲು ಹೊರಟೆ. ಆಗ ಒಳಗಿನಿಂದ, "ಜರಾ ನಿಂದರ್ರಿ" ಎಂದು ಕೇಳಿತು. "ನಿಮಗ ಊರು ಬಿಡೂದು ಆಗಂಗಿಲ್ಲ. ಇಲ್ಲೇ ಇದ್ರ ನನಗ ಕೆಲಸ ಇರಂಗಿಲ್ಲ. ಕಲ್ಲು ನನಗ ಕೊಡ್ರಿ, ಮಷೀನೂ ಕೊಡ್ರಿ. ತಮ್ಮನ ಅಂಗಡಿ ಹಿಂದ ಜಾಗ ಅದ. ನಾ ಒಯ್ತೀನಿ. ಕೆಲಸ ನಡದಂಗ ನಿಮ್ಮ ಪಾಲು ನಿಮಗ ಮುಟ್ಟಸ್ತೀನಿ."

"ಬೋರ್ಡಿನ ಮ್ಯಾಲ ಯಾರ ಹೆಸರು?" ಎಂದು ಕೇಳಿದೆ. ಕೇಳುವ ಮಾತೇ ಅದು?

"ನಂದು" ಅಂದಳು.

ಬೇಗಂ "ತೌಬಾ ತೌಬಾ" ಎಂದು ಗಲ್ಲ ಬಡಿದುಕೊಂಡರು. ಆದರೆ ಬೇಡ ಅನ್ನಲಿಲ್ಲ. ಮತ್ತೆ ಎಲೆಡಿಕೆ ಕುಟ್ಟಲು ಶುರುಮಾಡಿದರು.

ಸೋಮವಾರ ನಿಮ್ಮವ್ವನ ಸಮಾಧಿಯ ಹತ್ತಿರ ಕೂತು, ತಿರುಗಿ ಬರುವಾಗ ಬೇಗಂ ಮನೆಯ ಹೊಸ್ತಿಲಲ್ಲಿ ಆಗಲಿ ಎಂದು ಹೇಳಿ ಬಂದೆ. ಮಂಗಳವಾರ ಅಮರಪ್ಪನಿಗೆ ಹೇಳಿದೆ, ಮಷೀನು ಹೋಗುತ್ತದೆ, ನಿನಗೆ ಬೇರೆ ಕೆಲಸ ನೋಡುತ್ತೇನೆ ಎಂದು. ಅವನು ಅಂದದ್ದು ಕೇಳು: "ಗಾಲಿ ಹ್ವಾದ ಮ್ಯಾಲ ನಾ ಇಲ್ಲಿ ಏನು ನಿಮ್ಮ ಕೈ ತಿರುವ್ಲೇನ್ರಿ? ನಾನೂ ಅದರ ಜೋಡಿ ಹೊಂಟೆ. ಮೂರು ವರ್ಷದಿಂದ ನನ್ನ ಹೇಣ್ತಿ ಹೈದರಾಬಾದ್ ತೋರಸು ಅಂತ ಜೀವಾ ತಿನ್ನಾಕತ್ಯಾಳ." ನನ್ನ ಮೊದಲನೇ ಡಿಸ್‌ಅಡ್ವಾಂಟೇಜು ಹೀಗೆ ಹೋಯಿತು.

ಆದ್ದರಿಂದ ಇಗೋ ನಿನ್ನ ಒಂದು ಸಾಲು: ಛಾಪಖಾನೆ ಬರುತ್ತದೆ, ನಾನು ಬರುವುದಿಲ್ಲ. ಅಂಗಡಿಯವನಿಗೆ ಇಲ್ಲವೆಂದು ಹೇಳಲು ಅಳಿಯಂದಿರಿಗೆ ತಿಳಿಸು. ಒಂದನೇ ತಾರೀಖಿನೊಳಗೆ, ಇನ್ನೂ ಒಂದೇ ರಾಜ್ಯವಿರುವಾಗಲೇ ಸಾಮಾನು ದಾಟಿಸಿಬಿಟ್ಟರೆ ಗಡಿಯ ಕಾಗದಪತ್ರದ ಕಿರಿಕಿರಿ ಇರುವುದಿಲ್ಲ ಎಂದು ಸ್ಟೇಷನ್ನಿನ ಬುಕ್ಕಿಂಗ್ ಕ್ಲಾರ್ಕ್ ವೆಂಕಟಪ್ಪ ಹೇಳಿದ. ಹೇಳಿ ಸುಮ್ಮನಿರಬೇಕಲ್ಲ? "ಕಲ್ಲು ಹೈದರಾಬಾದಿಗೆ, ಸಾವುಕಾರ್ರು ಯಾದಗಿರಿಗೆ. ಇದೆಂಥಾ ಬುಕ್ಕಿಂಗ್ ರೀ?" ಎಂದು ನಾಲ್ಕು ಜನರೆದುರು ನಕ್ಕ. ನಾನೂ ನಕ್ಕೆ. ಬರುವ ವಾರ ಪ್ಯಾಸೆಂಜರಿಗೆ ಸಾಮಾನಿನ ಜೊತೆ ಅಮರಪ್ಪನ ಸಂಸಾರ, ಬೇಗಂ, ಶರೀಫಾಬೀ ಎಲ್ಲ ಹೊರಡುತ್ತಾರೆ. ಶರೀಫಾಬೀಯ ತಮ್ಮ ಅಲ್ಲಿ ಸ್ಟೇಷನ್ನಿಗೆ ಬರುತ್ತಾನೆ. ನೀನು ಒಂದು ದಿನ ಸಕ್ಕರೆ ತೆಗೆದುಕೊಂಡು ಹೋಗಿ ಆಕೆಯನ್ನು ಮಾತಾಡಿಸಿ ಬಾ. ಹೆಂಗಸಾದ ನಿನಗೆ ಪರದೆಯ ಅಡ್ಡಿ ಇಲ್ಲ. ಹೇಗಿದ್ದಾಳೆ ಎಂದು ನನಗೆ ಬರೆಯಬೇಕಿಲ್ಲ, ಬರೆದರೆ ಓದುತ್ತೇನೆ.

ನಾನು ಇಲ್ಲಿ ರಾಯಚೂರಿನಿಂದ ಕನ್ನಡದ ಅಚ್ಚುಮೊಳೆ ತರಿಸಿ ಹೊಸದಾಗಿ ಶುರುಮಾಡುತ್ತೇನೆ ಎಂದು ಊರಿಗೆ ಹೇಳಿದ್ದೇನೆ. ನಿನಗೂ ಅದನ್ನೇ ಹೇಳುತ್ತಿದ್ದೇನೆ. ಕಲ್ಲು ಇಟ್ಟಿದ್ದ ಕೋಣೆ ಖಾಲಿಯಾದರೆ ಹೇಗೆ ಕಾಣುತ್ತದೋ ಎಂದು ಇವತ್ತು ಕಣ್ಣು ಮುಚ್ಚಿ ನೋಡಿದೆ. ಸರಿಯಾಗಿ ಕಾಣಲಿಲ್ಲ. ಗಾಡಿ ಬದಲಿಸುವಾಗ ಹಮಾಲರು ಕಲ್ಲು ಒಡೆಯುತ್ತಾರೆ, ಅದಕ್ಕೆ ವಾಡಿ ಜಂಕ್ಷನ್ನಿನ ತನಕ ಮಾತ್ರ ನಾನೂ ಹೋಗಿ, ನಿಂತು ಹತ್ತಿಸಿ, ತಿರುಗಿ ಬರುತ್ತೇನೆ. ವಾಡಿಯಿಂದ ಆಚೆ ನನಗೇನೂ ಕೆಲಸವಿಲ್ಲ.

ಅಳಿಯಂದಿರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ಒಂದು ಸಾಲು ಬರೆಯಲು ಕೂತು ಇಷ್ಟು ಬರೆದ
ನಿನ್ನ ಅಪ್ಪ
ಜಗದೇವಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಟಿಕೀಟು ತರಲು ಸ್ಟೇಷನ್ನಿಗೆ ಹೋಗಿ ಬಂದೆ. "ಎಲ್ಲಿಗ್ರಿ?" ಎಂದು ವೆಂಕಟಪ್ಪ ಕೇಳಿದ. ವಾಡಿ ಎನ್ನಲೆಂದೇ ಬಾಯಿ ತೆರೆದೆ, ಸಿಕಂದರಾಬಾದ್ ಎಂದು ಬಂತು. ತಿರುಗಿ ಬರುವ ಟಿಕೀಟು ಬೇಕೇ ಎಂದ, ಆಮೇಲೆ ನೋಡೋಣ ಅಂದೆ. ಅವನು ಈ ಸಲ ನಗಲಿಲ್ಲ. ವಾಡಿಯಿಂದಲೇ ತಿರುಗಿದರೂ ತಿರುಗಿಯೇನು, ಹೇಳಲಾರೆ. ಆದರೂ ಅಂಗಡಿಯವನಿಗೆ ಇಲ್ಲವೆನ್ನುವುದನ್ನು ಅಳಿಯಂದಿರು ದೀಪಾವಳಿಯ ತನಕ ತಡೆದು ಹಿಡಿಯಲಿ. ಈ ಸಂಗತಿ ಶರೀಫಾಬೀಗೆ ಗೊತ್ತಿಲ್ಲ. ವಾಡಿಯಲ್ಲಿ ನಾನೂ ಮುಂದಿನ ಗಾಡಿ ಹತ್ತಿದರೆ ಗೊತ್ತಾಗುತ್ತದೆ.