ಎರಡಿಂಚಿನ ಮಡಿಕೆ

ಹೊಲಿಗೆ ಅಂಗಡಿ, ಹಿಂದಿನ ಕೋಣೆ
ಹನ್ನೊಂದನೇ ತಾರೀಖು, ಮಂಗಳವಾರ

ಪ್ರೀತಿಯ ಪುಟ್ಟೀ,

ನಿನ್ನ ಬೆನ್ನುನೋವು ಹೇಗಿದೆ? ಆಸ್ಪತ್ರೆಯಲ್ಲಿ ಈಗಲೂ ಹನ್ನೆರಡು ತಾಸು ನಿಲ್ಲಿಸುತ್ತಾರಾ? ಕಂಡವರಿಗೆಲ್ಲ ಕಾಲು ಚಾಚಿ ಮಲಗಿ ಎನ್ನುವ ನರ್ಸಮ್ಮ ತಾನು ಮಾತ್ರ ನಿಂತೇ ಇರುತ್ತಾಳೆ ಎಂದು ಅಪ್ಪ ದಿನಕ್ಕೊಮ್ಮೆ ಗೊಣಗುತ್ತಾರೆ. ಅವರು ಚೆನ್ನಾಗಿದ್ದಾರೆ. ಕಣ್ಣು ಮಂಜಾದರೂ ಕಾಜಾ ಹೊಲಿಯುವುದನ್ನು ಬಿಟ್ಟಿಲ್ಲ. ನಿನ್ನ ಮಗಳು ಗಟ್ಟಿಮುಟ್ಟಾಗಿದ್ದಾಳೆ. ಕೂಸಾಗಿದ್ದಾಗ ಕೋಟಿನ ಗುಂಡಿ ನುಂಗಿ ನಮ್ಮ ಜೀವ ಬಾಯಿಗೆ ತಂದು ‘ಗುಂಡಿ’ ಎಂದೇ ಹೆಸರಾದವಳು ಈಗ ನನ್ನ ಕಿವಿಯವರೆಗೆ ಬಂದಿದ್ದಾಳೆ, ಹದಿಮೂರಕ್ಕೇ. ಫೋನು ಮಾಡಲಿಲ್ಲ ಎಂದು ಸಿಟ್ಟಾಗಬೇಡ. ಈಚೆಗೆ ಫೋನಿನಲ್ಲಿ ನಮ್ಮಿಬ್ಬರ ಮಧ್ಯೆ ಇನ್ಯಾರೋ ಉಸಿರಾಡುವುದು ಕೇಳಿಸುತ್ತದೆ.

ನೀನು ಹೋಗಿ ಹತ್ತು ತಿಂಗಳಾಯಿತು. ಈಗ ಬಂದರೆ ಇದೇನಾ ನಮ್ಮ ಬೀದಿ ಅನ್ನುತ್ತೀಯ. ಬೆಳಗ್ಗೆ ಆರಕ್ಕೆ ಸೈರನ್ ಕೂಗುತ್ತದೆ. ಮೊದಮೊದಲು ಎಲ್ಲರೂ ಬೆಚ್ಚುತ್ತಿದ್ದರು, ಈಗ ಅದಕ್ಕೇ ಗಡಿಯಾರ ಸರಿಮಾಡಿಕೊಳ್ಳುತ್ತಾರೆ. ಕ್ಷೌರದಂಗಡಿಯ ಗೋಡೆಯಲ್ಲಿದ್ದ ಸಿನಿಮಾ ನಟರೆಲ್ಲ ಹೋಗಿ ಸಿಪಾಯಿ ಕಟ್ಟಿನ ಒಂದೇ ತಲೆಯ ಪಟ ಉಳಿದಿದೆ. ಹೇಗೆ ಕತ್ತರಿಸಲಿ ಎಂದು ಅಂಗಡಿಯವನು ಯಾರನ್ನೂ ಕೇಳುವುದಿಲ್ಲ. ಪಾರ್ಕಿನ ಉಯ್ಯಾಲೆ ಕಂಬಗಳಿಗೆ ಹತ್ತುವ ಹಗ್ಗ ಕಟ್ಟಿದ್ದಾರೆ. ನಿನಗೆ ಹಾಡು ಕಲಿಸಿದ ಟೀಚರು ಈಗ ಮಕ್ಕಳಿಗೆ ಕಹಳೆ ಕಲಿಸುತ್ತಾರೆ. ಎದುರಾದರೆ ಮುಖ ಕೊಡುವುದಿಲ್ಲ. ಹೋದ ವಾರ ಒಬ್ಬ ಮದುವಣಗಿತ್ತಿ ಬಂದು, ಮದುವೆಯ ಉಡುಪಿನ ಭುಜಕ್ಕೆ ಅಧಿಕಾರಿಗಳ ಹಾಗೆ ಪಟ್ಟಿ ಇಡಿ ಎಂದಳು. ‘ಗಂಡಿಗೆ ಎಷ್ಟು ಪಟ್ಟಿಯಮ್ಮಾ? ನಿನಗೆ ಒಂದು ಜಾಸ್ತಿನೇ ಹಾಕ್ತೀನಿ’ ಎಂದರು ಅಪ್ಪ. ಅವಳು ನಗಲಿಲ್ಲ, ಬೆರಳು ಮಡಚಿ ಎಣಿಸಿ, ಮೂರು ಎಂದಳು.

ಎಂ.ಎ. ಓದಿ ಕತ್ತರಿ ಹಿಡಿದವಳು ಎಂದು ನೀನು ನನ್ನನ್ನು ಹಂಗಿಸುತ್ತಿದ್ದೆಯಲ್ಲ, ಆ ಪದ್ಯದ ಪುಸ್ತಕಗಳು ಇನ್ನೂ ಇಸ್ತ್ರಿ ಮೇಜಿನ ಕೆಳಗೇ ಇವೆ. ಮೊನ್ನೆ ಒಂದನ್ನು ತಿರುವಿ ಹಾಕುತ್ತಾ ಗುಂಡಿ, ‘ದೊಡ್ಡಮ್ಮಾ, ಇದರಿಂದ ಏನಾಗುತ್ತೆ?’ ಎಂದು ಕೇಳಿದಳು. ತಂಟೆಗೆ ಕೇಳಿದ್ದರೆ ಕಿವಿ ಹಿಂಡುತ್ತಿದ್ದೆ. ನಿಜವಾಗಿಯೂ ತಿಳಿಯದೆ ಕೇಳಿದಳು.

ಶಾಲೆಯ ಸಮವಸ್ತ್ರದ ಕೆಲಸ ಈ ಸಲವೂ ನಮಗೇ ಬಂತು. ಬಣ್ಣ ಒಣಗಿದ ಎಲೆಯದು. ಎಡಜೇಬಿನ ಮೇಲೆ ರಕ್ತದ ಗುಂಪು ಬರೆಯಲು ಬಿಳಿ ಪಟ್ಟಿ. ಮಾದರಿ ಪ್ಯಾಂಟನ್ನು ಅಪ್ಪ ಒಳಹೊರಗು ಮಾಡಿ ಅಂಚು ಸವರಿದರು. ಮಡಿಕೆಯೇ ಇಲ್ಲ. ಬೆಳೆದ ಹಾಗೆ ಬಿಚ್ಚಿಕೊಳ್ಳಲಿ ಎಂದು ಎರಡಿಂಚು ಒಳಗೆ ಮಡಚದೆ ಅವರು ಮಕ್ಕಳ ಬಟ್ಟೆ ಹೊಲಿದವರೇ ಅಲ್ಲ. ‘ಇದು ಮುಂದಿನ ವರ್ಷಕ್ಕೆ ಹೇಗೆ ಬರುತ್ತೆ?’ ಎಂದು ಕೇಳಿದ್ದಕ್ಕೆ ಡ್ರಿಲ್ ಮಾಸ್ತರರು, ‘ಮುಂದಿನ ವರ್ಷದ ಯೋಚನೆ ನಿಮಗ್ಯಾಕೆ ಯಜಮಾನ್ರೇ’ ಎಂದರು. ಅಪ್ಪ ಅವತ್ತು ಊಟಕ್ಕೆ ಏಳಲಿಲ್ಲ.

ಎತ್ತರ, ಎದೆ, ಭುಜ, ಎಲ್ಲ ಮಕ್ಕಳದ್ದೂ ನಾನೇ ಅಳೆದು ಬರೆದೆ. ನಾವು ಚಿಕ್ಕವರಿದ್ದಾಗ ಹೊರಗಿನವರದ್ದು ಇದ್ದಷ್ಟೇ ಬರೆದು, ನಮ್ಮಿಬ್ಬರದ್ದು ಬರೆಯುವಾಗ ಮಾತ್ರ ಅಪ್ಪ ಎರಡಿಂಚು ಸೇರಿಸಿ, ‘ನಮ್ಮ ಮಕ್ಕಳದ್ದು ಮುಂದಿನ ವರ್ಷದ ಅಳತೆ, ಬೆಳೀಲಿ’ ಎನ್ನುತ್ತಿದ್ದರಲ್ಲ, ಅದೇ ರೂಢಿಯಲ್ಲಿ ಗುಂಡಿಯದನ್ನೂ ಬರೆದೆ. ನಾಲ್ಕಡಿ ಹತ್ತೂವರೆ ಇಂಚಿನವಳು ಪುಸ್ತಕದಲ್ಲಿ ಐದಡಿ ಅರ್ಧ ಇಂಚಾದಳು. ಅಪ್ಪನಿಗೆ ಅದನ್ನು ಕೇಳಿ ಎಷ್ಟು ಸಂತೋಷವಾಯಿತು ಗೊತ್ತಾ? ಶಾಲೆಯವರು ಪುಸ್ತಕವನ್ನು ಒಂದು ದಿನ ಒಯ್ದು ನಕಲು ಮಾಡಿಕೊಂಡು ತಂದುಕೊಟ್ಟರು.

ಹೊತ್ತು ಹೊತ್ತಿಗೆ ಉಣ್ಣು. ಅಪ್ಪನ ಆಶೀರ್ವಾದ ಕಾಗದದಲ್ಲಿ ಹಿಡಿಸುವಷ್ಟಲ್ಲ.

ನಿನ್ನ,
ಅಕ್ಕ

ವಿ.ಸೂ: ಮೇಲಿನದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಇದನ್ನು ಹೇಳಿಲ್ಲ, ನೀನೂ ಹೇಳಬೇಡ. ನಿನ್ನೆ ಶಾಲೆಯ ಬಾಗಿಲಿಗೆ ಪಟ್ಟಿ ಅಂಟಿಸಿದ್ದಾರೆ. ಐದಡಿ ದಾಟಿದ ಮಕ್ಕಳೆಲ್ಲ ಶನಿವಾರ ಬೆಳಗ್ಗೆ ಲಾರಿ ಹತ್ತಿ ಗಡಿಯ ಹತ್ತಿರದ ಶಿಬಿರಕ್ಕೆ ಹೋಗಬೇಕು. ಎಷ್ಟು ದಿನಕ್ಕೆ ಎಂದು ಬರೆದಿಲ್ಲ. ಮೊದಲು ಹೋದ ತಂಡ ಇನ್ನೂ ಬಂದಿಲ್ಲ. ನಮ್ಮ ಪುಸ್ತಕದ ಅಳತೆ ನೋಡಿ ಗುಂಡಿಯ ಹೆಸರನ್ನೂ ಸೇರಿಸಿದ್ದಾರೆ. ಟೇಪು ಹಿಡಿದು ಓಡಿದೆ, ಡ್ರಿಲ್ ಮಾಸ್ತರರ ಎದುರೇ ಅವಳನ್ನು ನಿಲ್ಲಿಸಿ ಅಳೆದೆ. ಐದಡಿಯ ಮೇಲೇ ಬಂತು. ಬಗ್ಗಿ ನೋಡಿದರೆ ಪ್ಯಾಂಟಿನ ಅಂಚಿನ ಕೆಳಗೆ ಅವಳ ಹಿಮ್ಮಡಿ ನೆಲ ಬಿಟ್ಟಿತ್ತು. ಇಳಿಸು ಎಂದೆ. ಇಳಿಸಲಿಲ್ಲ. ಮಾಸ್ತರರು ಟೇಪು ಸುತ್ತಿ ನನ್ನ ಕೈಗಿಟ್ಟು, ‘ಇಂಥವರೇ ಬೇಕು ಮೇಡಂ ನಮಗೆ’ ಎಂದರು. ಹೆತ್ತವಳೇ ಬಂದು ರುಜು ಹಾಕಿದರೆ ಹೆಸರು ತೆಗೆಯುತ್ತಾರಂತೆ, ದೊಡ್ಡಮ್ಮನ ರುಜು ನಡೆಯುವುದಿಲ್ಲ. ಅವಳ ಪ್ಯಾಂಟಿಗೆ ಮಾತ್ರ ಒಳಗೆ ಕದ್ದು ಎರಡಿಂಚು ಮಡಚಿ ಹೊಲಿದಿದ್ದೇನೆ. ಕಾಗದವನ್ನು ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಅದೇ ಬಸ್ಸು ಗುರುವಾರ ಅಲ್ಲಿಂದ ವಾಪಸು ಹೊರಡುತ್ತದೆ. ಅದರಲ್ಲೇ ಬಾ.