ನಾನೂರ ಹನ್ನೆರಡನೆಯ ಹೆಸರು

ಬಿಳೇಕಲ್ಲು, ಕುಡಿಯುವ ನೀರಿನ ಘಟಕದ ಕಟ್ಟೆ
ಕ್ರಿಸ್ತಶಕ ೨೨೯೧, ಮಾರ್ಚ್ ತಿಂಗಳ ನಲವತ್ತೇಳನೆಯ ತಾರೀಖು, ಬೆಳಿಗ್ಗೆ ಎಂಟು ಗಂಟೆ

ಧವಳಗಿರಿ ವಾಣಿಜ್ಯ ಬ್ಯಾಂಕಿನ ಸಾಮಾಜಿಕ ಹೊಣೆಗಾರಿಕೆ ವಿಭಾಗದ ಅಧಿಕಾರಿಣಿ ಶ್ರೀಮತಿ ಚಂಪಾ ಮುಳಗುಂದ ಬಾಯಾರ ಸನ್ನಿಧಾನಕ್ಕೆ, ಇದೇ ಬಿಳೇಕಲ್ಲಿನ ನಾಟಕದ ಮೇಷ್ಟ್ರು ಅಡಿವೆಪ್ಪನ ದೀರ್ಘದಂಡ ನಮಸ್ಕಾರಗಳು.

ತಾರೀಖು ನೋಡಿ ಕಾಗದವನ್ನು ಬದಿಗೆ ಸರಿಸಬೇಡಿ, ತಾಯಿ! ನಾನು ಹುಚ್ಚನಲ್ಲ, ಕುಡಿದವನೂ ಅಲ್ಲ. ಕುಡಿಯಲು ನೀರೇ ಇಲ್ಲದ ಹೊತ್ತಿನಲ್ಲಿ ಬರೆಯುತ್ತಿದ್ದೇನೆ. ನನ್ನ ಮಾತು ನಿಮ್ಮ ಕಿವಿಗೆ ಒರಟಾಗಿ, ಅಬ್ಬರವಾಗಿ ಕೇಳಿಸಿದರೆ ಕ್ಷಮೆಯಿರಲಿ. ಹುಟ್ಟಿದ್ದು ರಂಗದ ಪರದೆಯ ಹಿಂದೆ, ಅಕ್ಷರ ಕಲಿತದ್ದು ರಾಜ ಮಹಾರಾಜರ ಮಾತುಗಳಲ್ಲಿ. ಮೆಲ್ಲಗೆ ಮಾತಾಡುವುದನ್ನು ನನಗೆ ಯಾರೂ ಕಲಿಸಲಿಲ್ಲ. ಇನ್ನೂರ ಅರವತ್ತನಾಲ್ಕು ವರ್ಷಗಳ ಆಚೆ ಕೂತಿರುವ ನಿಮಗೆ ಕೇಳಿಸಬೇಕಾದರೆ ಮೆಲ್ಲಗೆ ಮಾತಾಡಿ ಪ್ರಯೋಜನವೂ ಇಲ್ಲ.

ಮೊದಲು ಈ ವಿಚಿತ್ರ ಮಾರ್ಚಿನ ಸಂಗತಿ. ನಿಮ್ಮ ಬ್ಯಾಂಕು ಈಗ ಇಲ್ಲ. ಅದರ ಕಟ್ಟಡಗಳಿಲ್ಲ, ನೋಟುಗಳಿಲ್ಲ, ಅದರ ಹೆಸರನ್ನು ಸರಿಯಾಗಿ ಉಚ್ಚರಿಸುವವರೂ ನಮ್ಮೂರು ಬಿಟ್ಟರೆ ಬೇರೆಲ್ಲೂ ಇಲ್ಲ. ಉಳಿದದ್ದು ಅದರ ದಯೆ ಒಂದೇ. ಯಾರೋ ಪುಣ್ಯಾತ್ಮರು ಆ ದಯೆಯನ್ನು ಎಂದೂ ನಿಲ್ಲದಂಥ ಒಂದು ಯಂತ್ರಕ್ಕೆ ಒಪ್ಪಿಸಿ ಹೋದರು. ನಾವು ಅದನ್ನು ‘ಹೊಣೆ’ ಎಂದು ಕರೆಯುತ್ತೇವೆ. ನೀವು ಕಟ್ಟಿಸಿದ ನೀರಿನ ಘಟಕದ ಗೋಡೆಯೊಳಗೆ ಅದು ವಾಸವಾಗಿದೆ. ಹೊರಗೆ ಕಾಣುವುದು ಬಟ್ಟಲಿನಷ್ಟು ಅಗಲದ ಒಂದು ಕಣ್ಣು ಮತ್ತು ಅಂಕಿ ತೋರಿಸುವ ಒಂದು ಹಲಗೆ. ಪ್ರತಿ ವರ್ಷ ಮಾರ್ಚ್ ಕೊನೆಯ ದಿನ ಊರವರೆಲ್ಲ ಆ ಕಣ್ಣಿನ ಮುಂದೆ ಒಬ್ಬೊಬ್ಬರಾಗಿ ನಿಂತು, ಹಲ್ಲು ಕಾಣುವಂತೆ ನಕ್ಕು, ಹೆಸರು ವಯಸ್ಸು ಹೇಳಿ, ಧನ್ಯವಾದ ಅರ್ಪಿಸಬೇಕು. ಇದಕ್ಕೆ ‘ನಗೆಹಾಜರಿ’ ಎನ್ನುತ್ತೇವೆ. ಹಲಗೆಯ ಮೇಲೆ ೪೧೨ ಬಂದರೆ ವರ್ಷ ಮುಗಿಯಿತು, ಏಪ್ರಿಲ್ ಹುಟ್ಟಿತು. ಬರದಿದ್ದರೆ ಮಾರ್ಚ್ ಮೂವತ್ತೆರಡು, ಮೂವತ್ತಮೂರು, ಹೀಗೆಯೇ ನಡೆಯುತ್ತದೆ. ಗಂಟಲು ಹಿಸುಕುವವನು ಬೆರಳುಗಳನ್ನು ಒಂದೊಂದಾಗಿ ಬಿಗಿದಂತೆ ನೀರು ದಿನಕ್ಕಿಷ್ಟು ಕಡಿಮೆಯಾಗುತ್ತ ಹೋಗುತ್ತದೆ. ಇಂದಿಗೆ ಮನೆಗೊಂದು ಚೆಂಬು. ನಾಳೆ ಸೊನ್ನೆ ಎಂದು ಹಲಗೆ ನಿನ್ನೆಯೇ ಸಾರಿದೆ. ಆಮೇಲೆ ನಮಗೆ ಉಳಿಯುವುದು ಹಳೆಯ ಕೊಳವೆಬಾವಿ. ಅದರ ನೀರು ಮಕ್ಕಳ ಹಲ್ಲನ್ನು ಕಂದಿಸಿ, ಮುದುಕರ ಬೆನ್ನನ್ನು ಬಿಲ್ಲು ಮಾಡುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಅದನ್ನು ಕಣ್ಣಾರೆ ಕಂಡು ಮರುಗಿಯೇ ತಾನೆ ನೀವು ಈ ಘಟಕ ಕೊಟ್ಟಿದ್ದು!

ಹೌದು, ಕೊಟ್ಟಿರಿ. ಅದು ಸುಳ್ಳಲ್ಲ. ನನ್ನ ಮುತ್ತಜ್ಜನ ಮುತ್ತಜ್ಜಿ ನೆಟ್ಟಗೆ ನಡೆದದ್ದು ನಿಮ್ಮ ನೀರಿನಿಂದ. ಆದರೆ ತಾಯಿ, ಅಂದು ಈ ನೀರು ಕುಡಿದವರು ಮುನ್ನೂರ ಎಂಬತ್ತಾರು ಜನ. ನಾನೂರ ಹನ್ನೆರಡಲ್ಲ.

ಉಳಿದ ಇಪ್ಪತ್ತಾರು ಮಂದಿ ಎಲ್ಲಿಂದ ಬಂದರು? ಬಹಳ ಕಾಲ ನಮಗೂ ತಿಳಿದಿರಲಿಲ್ಲ. ಹೊಣೆಯ ಮೊದಲ ವರದಿಯಲ್ಲಿ ಅವರ ಹೆಸರಿದೆ, ವಯಸ್ಸಿದೆ, ಭಾವಚಿತ್ರದ ಜಾಗ ಮಾತ್ರ ಖಾಲಿ. ಮುನ್ನೂರ ಎಂಬತ್ತಾರು ಸ್ಥಾನಗಳು ತಂದೆಯಿಂದ ಮಗನಿಗೆ, ಅತ್ತೆಯಿಂದ ಸೊಸೆಗೆ ಸಲ್ಲುತ್ತ ಬಂದವು. ಈ ಇಪ್ಪತ್ತಾರಕ್ಕೆ ತಂದೆಯೂ ಇಲ್ಲ, ಸೊಸೆಯೂ ಇಲ್ಲ. ಆದರೂ ಹೊಣೆ ಪ್ರತಿ ವರ್ಷ ಅವರನ್ನು ಹೆಸರು ಹಿಡಿದು ಕರೆಯುತ್ತದೆ. ಆ ಯಂತ್ರಕ್ಕೆ ಸುಳ್ಳೆಂದರೆ ಏನೆಂದು ಗೊತ್ತಿಲ್ಲ. ಕರೆದವರು ಬರಬೇಕು, ಅಷ್ಟೇ. ಆದ್ದರಿಂದಲೇ ಬಿಳೇಕಲ್ಲು ನಾಟಕದ ಊರಾಯಿತು. ನಮ್ಮ ಜನ ತಮ್ಮ ಸ್ವಂತ ಮುಖದಿಂದ ಒಮ್ಮೆ ನಕ್ಕು, ನೀರಿನ ಟ್ಯಾಂಕಿನ ಹಿಂದೆ ಓಡಿ, ಗಡ್ಡ ಅಂಟಿಸಿ, ಪೇಟ ಸುತ್ತಿ, ಎರಡನೆಯ ಸಲ ಬಂದು ನಿಲ್ಲುತ್ತಾರೆ. ಇವುಗಳಿಗೆ ‘ತುಂಬುಪಾತ್ರ’ ಎಂದು ಹೆಸರು. ತಾಲೀಮು ಕೊಡುವವನು ನಾನು. ನನ್ನ ಅಪ್ಪ ಕೊಡುತ್ತಿದ್ದ, ಅವನಪ್ಪ ಕೊಡುತ್ತಿದ್ದ. ಆ ದಿನದ ಗಮ್ಮತ್ತು ನೀವು ನೋಡಬೇಕಿತ್ತು! ಕಳೆದ ವರ್ಷ ಪಾತ್ರೆ ತಿಕ್ಕುವ ದುಂಡವ್ವ ಮೀಸೆ ಹಚ್ಚಿಕೊಂಡು ‘ಶ್ರೀ ಗುಂಡೂರಾವ್, ವಯಸ್ಸು ಎಪ್ಪತ್ತೊಂದು’ ಎಂದು ಗರ್ಜಿಸಿದಾಗ ಅವಳ ಗಂಡನೇ ಕೈಮುಗಿದು, “ರಾಯರ, ನಮ್ಮ ಮನಿಯಾಕಿನ ಕಂಡ್ರೇನ್ರಿ? ಒಲಿ ಮ್ಯಾಲೆ ಹಾಲು ಉಕ್ಕಾಕತ್ತೈತಿ” ಎಂದಿದ್ದ.

ಇಪ್ಪತ್ತೈದು ಪಾತ್ರಗಳು ಹೀಗೆಯೇ. ಬಣ್ಣ ತೊಳೆದರೆ ಪಾತ್ರ ಹೋಗುತ್ತದೆ. ಇಪ್ಪತ್ತಾರನೆಯದು ಹೋಗುವುದಿಲ್ಲ.

ಕ್ರಮಸಂಖ್ಯೆ ನಾನೂರ ಹನ್ನೆರಡು. ಕುಮಾರಿ ಇಂಚರಾ, ವಯಸ್ಸು ಒಂಬತ್ತು.

ಮೀಸೆಗೆ ಮೋಸ ಹೋಗುವ ಆ ಕಣ್ಣು ಮಗುವಿನ ವಿಷಯದಲ್ಲಿ ಮೋಸ ಹೋಗುವುದಿಲ್ಲ. ಎತ್ತರ ಅಳೆಯುತ್ತದೆ, ಹಾಲುಹಲ್ಲು ಎಣಿಸುತ್ತದೆ. ಒಂಬತ್ತು ವರ್ಷದ ಹೆಣ್ಣುಮಗುವೇ ಆಗಬೇಕು. ಇಂಚರಾ ಎಂದಿಗೂ ಹತ್ತಕ್ಕೆ ಕಾಲಿಡಲಿಲ್ಲ. ನಮ್ಮ ಹುಡುಗಿಯರು ಮಾತ್ರ ಒಬ್ಬೊಬ್ಬರಾಗಿ ಅವಳೊಳಗೆ ಹೋಗುತ್ತ ಬಂದರು. ನನ್ನ ಅಕ್ಕ ಕೆಂಚವ್ವ ಹೋದದ್ದು ನಾನು ಆರು ವರ್ಷದವನಿದ್ದಾಗ. ಹಾಜರಿ ಮುಗಿಸಿ ಮನೆಗೆ ಬಂದಳು, ರೊಟ್ಟಿ ತಿಂದಳು, ಎಲ್ಲ ಸರಿಯಾಗಿಯೇ ಇದ್ದಳು. ಆದರೆ ಅವ್ವ “ಕೆಂಚವ್ವಾ” ಎಂದು ಕೂಗಿದರೆ ತಿರುಗಿ ನೋಡಲಿಲ್ಲ. ಮರುದಿನವೂ ನೋಡಲಿಲ್ಲ. ದೊಡ್ಡವಳಾದಳು, ಮದುವೆಯಾದಳು, ಮೂರು ಮಕ್ಕಳನ್ನು ಹೆತ್ತಳು. ದಿನಾ ಸಂಜೆ ಐದೂವರೆಗೆ ಮಾತ್ರ ಕೈಯಲ್ಲಿ ನೀರಿನ ಬಾಟಲಿ ಹಿಡಿದು ಈ ಘಟಕದ ಮೆಟ್ಟಿಲ ಮೇಲೆ ಬಂದು ಕೂಡುತ್ತಿದ್ದಳು. ಯಾರಿಗೆ ಕಾಯಾಕತ್ತೀ ಎಂದರೆ ಮುಗುಳ್ನಗೆ. ಅರವತ್ತೆಂಟನೆಯ ವಯಸ್ಸಿನಲ್ಲಿ, ಅದೇ ಮೆಟ್ಟಿಲ ಮೇಲೆ, ಬಾಟಲಿ ಹಿಡಿದೇ ಹೋದಳು.

ಅಷ್ಟಾದರೂ ನಾನು ಆ ಪಾತ್ರವನ್ನು ಕಲಿಸುವುದು ಬಿಡಲಿಲ್ಲ, ತಾಯಿ. ಇಲ್ಲಿ ನನ್ನ ಧ್ವನಿ ತಗ್ಗುತ್ತದೆ. ಊರಿಗೆ ನೀರು ಬೇಕಿತ್ತು. ಇಷ್ಟು ವರ್ಷಗಳಲ್ಲಿ ಮೂವತ್ತೊಂದು ಹುಡುಗಿಯರನ್ನು ಈ ಕೈಯಾರೆ ತಯಾರು ಮಾಡಿದ್ದೇನೆ. ‘ಗಲ್ಲ ಮೇಲಕ್ಕೆತ್ತು, ಹಲ್ಲು ತೋರಿಸು, ನನ್ನ ಹೆಸರು ಇಂಚರಾ ಎಂದು ಗಟ್ಟಿಯಾಗಿ ಹೇಳು.’ ಬೇರೆಯವರ ಮಕ್ಕಳಿಗೆ ಹೇಳುವಾಗ ನನ್ನ ನಾಲಗೆ ಎಂದೂ ತೊದಲಲಿಲ್ಲ.

ಈ ವರ್ಷ ಊರಿನಲ್ಲಿ ಒಂಬತ್ತು ತುಂಬಿದ ಹೆಣ್ಣುಮಗು ಒಂದೇ. ನನ್ನ ಮೊಮ್ಮಗಳು ಹೊನ್ನವ್ವ.

ಹೊನ್ನವ್ವ ಹೇಗಿದ್ದಾಳೆಂದು ಹೇಳಿಬಿಡುತ್ತೇನೆ, ಯಾರಾದರೊಬ್ಬರು ನೆನಪಿಡಬೇಕು. ಎಡಗಡೆಯ ಮುಂಚಾಚು ಹಲ್ಲು. ಮಾತಿಗೊಂದು ಮಾತು ಜೋಡಿಸದೆ ಬಿಡುವವಳಲ್ಲ. ನಾನು ರಂಗದ ಮೇಲೆ ಅಳುವ ಪಾತ್ರ ಮಾಡಿದರೆ ಮುಂದಿನ ಸಾಲಿನಲ್ಲಿ ಕೂತು, “ಮುತ್ಯಾ, ಕಣ್ಣಾಗ ನೀರಽ ಇಲ್ಲ, ಉಳ್ಳಾಗಡ್ಡಿ ತರ್ಲೇನು?” ಎನ್ನುವ ಹಡಬಿಟ್ಟಿ! ಅವಳಿಗೆ ತಾಲೀಮು ಶುರುಮಾಡಿದೆ. ಎರಡು ದಿನ ಹುಡುಗಾಟ. ಮೂರನೆಯ ದಿನ ಮಧ್ಯಾಹ್ನ, ಇದೇ ಕಟ್ಟೆಯ ಮೇಲೆ, ನಾನು ಹೇಳಿಕೊಡದ ಮಾತು ಅವಳ ಬಾಯಿಂದ ಬಂತು. ನಮ್ಮ ಊರಿನ ಮಾತಿನ ಧಾಟಿಯೂ ಅದಲ್ಲ.

“ಇಲ್ಲೆ ಭಾಳ ತಂಪ ಅದ” ಎಂದಳು. ಕಲ್ಲು ಕಾದು ಕೆಂಡವಾದ ಬಿಸಿಲಿನಲ್ಲಿ!

“ಏನಂದಿ, ಹೊನ್ನಿ?”

“ಮಮ್ಮಿ ಎ.ಸಿ. ಹಚ್ಯಾಳ. ಸಾಲಿಗೆ ಸೂಟಿ, ಅದಕ್ಕ ಮಮ್ಮಿ ಆಫೀಸಿಗೆ ಬಂದೀನಿ. ಮೂರನೇ ಮಾಳಿಗಿ, ಗಾಜಿನ ಪೆಟಗಿಯೊಳಗ ಮೂರು ಮೀನ ಅವ. ಒಂದಕ್ಕ ಬಾಲ ಇಲ್ಲ. ಐದೂವರಿಗೆ ಮಮ್ಮಿ ಕೆಲಸ ಮುಗೀತದ, ಆಮ್ಯಾಲೆ ಮನಿಗೆ.”

ತಾಯಿ, ನಮ್ಮೂರಿನಲ್ಲಿ ಮಾಳಿಗೆ ಎಂಬುದೇ ಇಲ್ಲ. ಮೀನನ್ನು ಈ ಮಗು ಹುಟ್ಟಿದಾರಭ್ಯ ಕಂಡಿಲ್ಲ. ಅಲ್ಲಿಗೇ ನಿಲ್ಲಿಸಿ ಎದ್ದುಬಿಡಬೇಕಿತ್ತು. ಆದರೂ ಕೇಳಿದೆ, ಕೇಳದಿರಲು ಆಗಲಿಲ್ಲ: “ಮಮ್ಮಿ ಏನ್ ಮಾಡಾಕತ್ತಾಳವ್ವ?”

“ಹೆಸರು ಬರೀಲಿಕ್ಕೆ ಹತ್ಯಾಳ. ಬ್ಯಾನರ್ ಆಗಲೇ ಪ್ರಿಂಟ್ ಆಗಿ ಬಂದದ, ನಾನೂರ ಹನ್ನೆರಡು ಅಂತ. ಜನ ಕಡಿಮಿ ಬಿದ್ದಾರ. ಯಾರದೋ ಮದುವಿ ಕಾರ್ಡ್ ತಗೊಂಡು, ಸುಖಾಗಮನ ಬಯಸುವವರು ಅಂತ ಇರ್ತದಲ್ಲ, ಅದನ್ನ ನೋಡಿ ಇಳಿಸ್ಕೊಳ್ಳಿಕ್ಕೆ ಹತ್ಯಾಳ. ಇಪ್ಪತ್ತೈದು ಆತು. ಇನ್ನೊಂದು ಬೇಕು.” ಮಗು ನನ್ನತ್ತ ತಿರುಗಿ ನಕ್ಕಿತು. ಆ ನಗೆ ನನ್ನ ಮೊಮ್ಮಗಳದಲ್ಲ. “ಮಮ್ಮಿ ನನ್ನ ನೋಡಿದ್ಲು. ನಿನ್ನ ಹೆಸರು ಹಾಕ್ಲೇನು ಪುಟ್ಟಿ, ಅಂದ್ಲು. ಹಾಕು ಅಂದೆ.”

ಇಷ್ಟೇ ನಡೆದದ್ದು ಅಲ್ಲವೇ? ಕೊನೆಯ ದಿನ, ಮೇಲಿನವರ ಅವಸರ, ಮುದ್ರಣವಾಗಿ ಬಂದ ಬ್ಯಾನರ್. ನಾನು ನಿಮ್ಮನ್ನು ಖಳನಾಯಕಿ ಎಂದು ಕರೆಯಲಾರೆ. ಖಳರ ಪಾತ್ರ ನಲವತ್ತು ವರ್ಷ ಮಾಡಿದ್ದೇನೆ, ಅವರು ಹೀಗಿರುವುದಿಲ್ಲ. ಆದರೆ ಮದುವೆ ಕಾರ್ಡಿನ ಇಪ್ಪತ್ತೈದು ಹೆಸರುಗಳು ನಿಮಗೆ ಬರೀ ಅಕ್ಷರ. ಇಪ್ಪತ್ತಾರನೆಯದನ್ನು ನೀವು ಪ್ರೀತಿಯಿಂದ ಬರೆದಿರಿ. ಮಗುವಿನ ಮುಖ ನೋಡುತ್ತ ಬರೆದಿರಿ. ಆ ಹೆಸರಿಗೆ ಅದರಿಂದ ಜೀವ ಬಂತೇನೋ. ನಿಮ್ಮ ಇಂಚರಾ ನಿಮ್ಮ ಜೊತೆ ಸಂಜೆ ಮನೆಗೆ ಹೋದಳು, ಬೆಳೆದಳು, ಎಲ್ಲರಂತೆ ಬಾಳಿದಳು ಎಂದೇ ನಂಬುತ್ತೇನೆ. ವರದಿಯಲ್ಲಿ ಸಿಕ್ಕಿಬಿದ್ದ ಇಂಚರಾ ಮಾತ್ರ ಇಲ್ಲಿಗೆ ಬಂದಳು. ಅಂದಿನಿಂದ ನಮ್ಮ ಮಕ್ಕಳ ಕಣ್ಣುಗಳಿಂದ ಹೊರಗೆ ನೋಡುತ್ತ ಕೂತಿದ್ದಾಳೆ. ಅಮ್ಮ ಐದೂವರೆಗೆ ಕೆಲಸ ಮುಗಿಸಿ ಬರುತ್ತಾಳೆ ಎಂದು.

ಅಂದೇ ತಾಲೀಮು ನಿಲ್ಲಿಸಿದೆ. ಮಾರ್ಚ್ ಮೂವತ್ತೊಂದಕ್ಕೆ ಹಲಗೆ ೪೧೧ಕ್ಕೆ ನಿಂತಿತು. ಹದಿನಾರು ದಿನದಿಂದ ಊರವರು ನನ್ನ ಬಾಗಿಲಿಗೆ ಬರುತ್ತಿದ್ದಾರೆ. ದುಂಡವ್ವ ನಿನ್ನೆ ಬರಿದಾದ ಕೊಡ ತಂದು ನನ್ನ ಕಾಲ ಬಳಿ ಕುಕ್ಕಿದಳು. “ಯಾಕೋ ಮಾಸ್ತರ, ನಿನ್ನ ಮೊಮ್ಮಗಳೇನು ಕಿರೀಟ ಇಟ್ಟುಕೊಂಡು ಹುಟ್ಯಾಳೇನು? ನನ್ನ ಮಗಳ ಗಲ್ಲ ಎತ್ತಿ, ನಗವ್ವಾ ಅಂತ ಕಲಿಸಿದಾಂವ ಯಾರು? ಅವತ್ತು ಎಲ್ಲಿ ಹೋಗಿತ್ತೋ ಈ ಕರಳು?” ನಾನು ಸಾವಿರ ಜನರ ಮುಂದೆ ಮಾತು ಮರೆತವನಲ್ಲ. ಅವಳ ಮುಂದೆ ಮರೆತೆ. ಅವಳ ಮಗಳು ಹಿಂದೆ ನಿಂತಿದ್ದಳು, ಇಪ್ಪತ್ತು ವರ್ಷದವಳು, ಬಾಟಲಿ ಎದೆಗೊತ್ತಿಕೊಂಡು, ದಾರಿಯ ಕಡೆ ನೋಡುತ್ತ.

ದುಂಡವ್ವನ ಮಾತು ನ್ಯಾಯವಾದದ್ದು. ಊರಿನಲ್ಲಿ ಹಸುಗೂಸುಗಳಿವೆ. ಆದ್ದರಿಂದ ಇಂದು ಹನ್ನೊಂದು ಗಂಟೆಗೆ ನಾನೇ ಹೊನ್ನವ್ವನ ಕೈಹಿಡಿದು ಆ ಕಣ್ಣಿನ ಮುಂದೆ ನಿಲ್ಲಿಸುತ್ತೇನೆ.

ಘಟಕದ ಗೋಡೆಯಲ್ಲಿ ಅಹವಾಲಿನ ಕಿಂಡಿ ಒಂದಿದೆ. ಮೇಲೆ ‘ನಿಮ್ಮ ಅಹವಾಲನ್ನು ಸಂಬಂಧಪಟ್ಟ ಅಧಿಕಾರಿಗೆ ತಲುಪಿಸಲಾಗುವುದು’ ಎಂದು ಬರೆದಿದೆ. ಹೊಣೆಯ ಕಡತದಲ್ಲಿ ಇಂದಿಗೂ ಸಂಬಂಧಪಟ್ಟ ಅಧಿಕಾರಿ ನೀವೇ. ಹೇಗೆ ತಲುಪಿಸುತ್ತದೋ ನನಗೆ ತಿಳಿಯದು. ಆದರೆ ಅದು ಈವರೆಗೆ ಕೊಟ್ಟ ಮಾತಿಗೆ ತಪ್ಪಿಲ್ಲ. ಈ ಕಾಗದ ನಿಮ್ಮ ಮೇಜಿಗೆ ಬಂದಾಗ ೨೦೨೭ರ ಆ ಮಧ್ಯಾಹ್ನ ಇನ್ನೂ ಕಳೆಯದಿರಲಿ, ಮದುವೆ ಕಾರ್ಡು ಇನ್ನೂ ಲಕೋಟೆಯಲ್ಲಿರಲಿ. ಮುನ್ನೂರ ಎಂಬತ್ತಾರು ಜನರಿಗೆ ನೀರು ಕೊಟ್ಟೆವು ಎಂದು ಬರೆಯಿರಿ, ತಾಯಿ. ಅದೇನು ಸಣ್ಣ ಸಂಖ್ಯೆಯೇ? ಬ್ಯಾನರನ್ನು ಮಡಚಿ ಗೋದಾಮಿಗೆ ಹಾಕಿ. ಅಷ್ಟು ಧೈರ್ಯ ಆಗದಿದ್ದರೆ ಇಪ್ಪತ್ತೈದನ್ನು ಬೇಕಾದರೆ ಇರಲಿ ಬಿಡಿ. ಮೀಸೆ ಹಚ್ಚಿಕೊಂಡು ನಿಭಾಯಿಸುತ್ತೇವೆ. ಕೊನೆಯ ಸಾಲು ಒಂದನ್ನು ಖಾಲಿ ಬಿಡಿ. ನಿಮ್ಮ ಮಗಳು ಮೀನು ನೋಡುತ್ತ ಕೂತಿದ್ದಾಳಲ್ಲ, ಎದ್ದು ಹೋಗಿ ಅವಳ ಕೈಹಿಡಿದು ಮನೆಗೆ ಕರೆದೊಯ್ಯಿರಿ.

ಹತ್ತೂವರೆ ಆಗುತ್ತ ಬಂತು. ಬರೆಯುವುದು ನಡುವೆ ಎಷ್ಟೋ ಸಲ ನಿಂತಿತು. ಮಗು ನನ್ನ ಪಕ್ಕದಲ್ಲೇ ಕೂತಿದೆ, ಬಾಟಲಿ ಎಲ್ಲಿಂದ ತಂದಿತೋ ಕಾಣೆ. ಈಗಷ್ಟೇ “ಹೊನ್ನಿ” ಎಂದೆ. ತಿರುಗಲಿಲ್ಲ. ಮೈಕು ಇಲ್ಲದೆಯೇ ಕೊನೆಯ ಸಾಲಿನವರೆಗೆ ಮುಟ್ಟಿದ ಈ ಕಂಠ, ಮಾರು ದೂರದ ಮಗುವಿಗೆ ಮುಟ್ಟಲಿಲ್ಲ.

ನೀವು ಸಾಲು ಅಳಿಸಿದಿರೋ ಇಲ್ಲವೋ ಹನ್ನೊಂದಕ್ಕೆ ನನಗೆ ತಿಳಿಯುತ್ತದೆ. ಕಣ್ಣಿನ ಮುಂದೆ ಅವಳು ನಿಂತಾಗ ಇನ್ನೊಮ್ಮೆ ಕೂಗುತ್ತೇನೆ. ಆದರೆ ಒಬ್ಬನ ಧ್ವನಿ ಸಾಲದು ಎಂದು ತೋರುತ್ತಿದೆ. ಆಚೆಯಿಂದಲೂ ಒಬ್ಬರು ಕೂಗಬೇಕು. ನೀವು ತಾಯಿ, ಮಗುವನ್ನು ಕರೆಯುವ ಬಗೆ ನಿಮಗೆ ಗೊತ್ತು. ಪಕ್ಕದ ಮೇಜಿನವರು ನೋಡಿದರೆ ನೋಡಲಿ, ನಾಚಬೇಡಿ. ಎದ್ದು ನಿಂತು, ಉಸಿರು ತುಂಬಿಕೊಂಡು, ಈ ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದಿ. ಹಿಂದಿನ ಸಾಲಿಗೆ ಕೇಳಿಸಬೇಕು.

ಹೊನ್ನವ್ವ.