ರಾನ್ವಾ ಬರೆದ ಚೌಕ

ಕ್ಲಾಕ್ಸ್‌ವೀಕ್
ಜುಲೈ ೩, ೨೦೧೨

ನನ್ನ ಮುದ್ದು ಸೋಲ್ವಾ,

ಭಾನುವಾರ ಫೋನಿನಲ್ಲಿ "ಅಪ್ಪ ಊರಿಗೆ ಬಂದಿದ್ರಂತೆ, ಹೌದಾ?" ಎಂದು ನೀನು ಕೇಳಿದಾಗ, ಬಾಗಿಲಲ್ಲಿ ಯಾರೋ ಬಂದಿದ್ದಾರೆ ಎಂದು ಹೇಳಿ ಮಾತು ಮುಗಿಸಿಬಿಟ್ಟೆ. ಯಾರೂ ಬಂದಿರಲಿಲ್ಲ. ಬಾಯಲ್ಲಿ ಹೇಳಹೊರಟರೆ ನೀನು ನಡುನಡುವೆ ಪ್ರಶ್ನೆ ಹಾಕುತ್ತೀ, ನಾನು ಏನೋ ಹೇಳಲು ಹೋಗಿ ಇನ್ನೇನೋ ಹೇಳುತ್ತೇನೆ. ಅದಕ್ಕೇ ಈ ಕಾಗದ. ಬರ್ಗೆನ್ನಿನ ನಿನ್ನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ, ನಿದ್ದೆ ಮಾಡಿ ಎದ್ದಮೇಲೆ ಓದು.

ಮೊದಲು ರಾನ್ವಾಳ ವಿಷಯ ಹೇಳಬೇಕು. ಸ್ವೀನೋಯ್ ದ್ವೀಪದ ಹುಡುಗಿ. ಅಲ್ಲಿನ ಶಾಲೆಯಲ್ಲಿ ಬೆರಳೆಣಿಕೆಯ ಮಕ್ಕಳು, ಎಲ್ಲಕ್ಕೂ ಒಬ್ಬರೇ ಮೇಷ್ಟ್ರು. ಅವರು ರೇಖಾಗಣಿತವನ್ನು ಹುಲ್ಲುಗಾವಲಿನಲ್ಲಿ ಗೂಟ ನೆಟ್ಟು, ಹಗ್ಗ ಎಳೆದು ಕಲಿಸಿದ್ದರಂತೆ. ನಮ್ಮ ಕಾಲೇಜಿಗೆ ಬಂದಾಗ ಅವಳು ಎಳೆಯುತ್ತಿದ್ದ ರೇಖೆ ನೋಡಿ ನನಗೇ ಹೊಟ್ಟೆಕಿಚ್ಚಾಗುತ್ತಿತ್ತು. ಆದರೆ ಕಲನಶಾಸ್ತ್ರ ಶುರುವಾದದ್ದೇ ತಡ, ಹುಡುಗಿ ಕುಸಿದಳು. ಪುಸ್ತಕ ಡೇನಿಶ್ ಭಾಷೆಯದ್ದು, ಪುಟದ ತುಂಬ ಅಕ್ಷರ, ಬಾಣ, ಆವರಣ. ಬರವಣಿಗೆಯ ಪರೀಕ್ಷೆಯಲ್ಲಿ ಬಿದ್ದಳು. ಹಡಗಿನ ಎಂಜಿನಿಯರಿಂಗ್ ಓದಬೇಕೆಂದು ಅವಳಿಗೆ ಆಸೆ. ಸೀಟು ಸಿಗಬೇಕಾದರೆ ಮೌಖಿಕ ಪರೀಕ್ಷೆಯಲ್ಲಿ ನಾಲ್ಕಾದರೂ ಬರಬೇಕಿತ್ತು. ಹನ್ನೆರಡರವರೆಗಿನ ನಮ್ಮ ಅಂಕಗಳಲ್ಲಿ ಬರೀ ಪಾಸಾಗುವ ಎರಡು ಸಾಲುತ್ತಿರಲಿಲ್ಲ, ನಾಲ್ಕರ ಮೇಲಿನ ಮೆಟ್ಟಿಲಾದ ಏಳನ್ನು ಕೇಳುವ ಧೈರ್ಯ ನನಗಿರಲಿಲ್ಲ. "ಮೀನಿನ ಫ್ಯಾಕ್ಟರೀಲಿ ಅಮ್ಮನ ಪಕ್ಕದ ಜಾಗ ಖಾಲಿ ಇದೆಯಂತೆ, ಮೇಸ್ತ್ರಿ ಆಗಲೇ ಏಪ್ರನ್ ತೆಗೆದಿಟ್ಟಿದ್ದಾನೆ," ಎಂದು ನಗುತ್ತಲೇ ಹೇಳಿದ್ದಳು. ಆ ನಗು ನನಗೆ ಹಿಡಿಸಲಿಲ್ಲ. ವಸಂತವಿಡೀ ತರಗತಿ ಮುಗಿದ ಮೇಲೆ ಅವಳನ್ನು ಕೂರಿಸಿಕೊಂಡು ಪಾಠ ಮಾಡಿದೆ.

ಪರೀಕ್ಷೆಯ ಹಿಂದಿನ ದಿನ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಡೆನ್ಮಾರ್ಕಿನಿಂದ ಪ್ರತಿವರ್ಷ ಬರುವ ಪರೀಕ್ಷಕರಿಗೆ ಹುಷಾರಿಲ್ಲ, ಅವರ ಬದಲು ಓಡೆನ್ಸ್‌ನಿಂದ ಟ್ರೋಂದುರ್, ಅಂದರೆ ನಿನ್ನ ಅಪ್ಪ, ಬರುತ್ತಿದ್ದಾರೆ ಎಂದರು. ನೀವಿಬ್ಬರೂ ಬೇರೆಯಾಗಿ ಬಹಳ ವರ್ಷವಾಯಿತು, ಆದರೂ ನಿಮಗೆ ಬೇಡವೆನಿಸಿದರೆ ಪರೀಕ್ಷೆಯನ್ನು ಚಳಿಗಾಲಕ್ಕೆ ಹಾಕೋಣ ಎಂದರು. ಚಳಿಗಾಲಕ್ಕೆ ಹಾಕಿದರೆ ರಾನ್ವಾಳ ಸೀಟು ಹೋಗುತ್ತಿತ್ತು. ಬರಲಿ ಎಂದೆ. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ನಿನ್ನ ಅಪ್ಪನ ಜೊತೆ ಜಗಳವಾಡುವ ಅಭ್ಯಾಸವನ್ನೂ ಮಾಡಿದೆ, ನಗಬೇಡ.

ಬಂದರು. ಕೂದಲು ಪೂರ್ತಿ ಬೆಳ್ಳಗಾಗಿದೆ. ಕೈ ಕುಲುಕಿ, ಡೇನಿಶ್‌ನಲ್ಲಿ ನಮಸ್ಕಾರ ಹೇಳಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು.

ರಾನ್ವಾ ಎತ್ತಿದ ಚೀಟಿಯಲ್ಲಿದ್ದ ಪ್ರಶ್ನೆ, ಎಕ್ಸ್ ವರ್ಗದ ನಿಷ್ಪನ್ನವನ್ನು, ಅಂದರೆ ಎಕ್ಸ್ ಬೆಳೆದಂತೆ ಅದರ ವರ್ಗ ಬೆಳೆಯುವ ದರ ಎರಡು ಎಕ್ಸ್ ಎಂಬುದನ್ನು, ಸಾಧಿಸಿ ತೋರಿಸುವುದು. ಪುಸ್ತಕದಲ್ಲಿರುವ ಮೊದಲ ಹಂತ ಬರೆದಳು. ಎರಡನೆಯದರಲ್ಲಿ ಚಿಹ್ನೆ ತಪ್ಪಿತು. ಅಳಿಸಿದಳು, ಮತ್ತೆ ತಪ್ಪಿತು. ಆಮೇಲೆ ಸೀಮೆಸುಣ್ಣ ಹಿಡಿದ ಕೈ ಅಲ್ಲೇ ನಿಂತುಬಿಟ್ಟಿತು.

"ಮುಂದುವರಿಸಿ," ಎಂದರು ನಿನ್ನ ಅಪ್ಪ. "ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬಹುದು."

ನನಗೆ ತಡೆಯಲಾಗಲಿಲ್ಲ. "ರಾನ್ವಾ, ಅಕ್ಷರ ಬಿಡು. ನಿಂಗೆ ಕಾಣೋ ಹಾಗೆ ಹೇಳು," ಎಂದೆ, ಡೇನಿಶ್ ಬಿಟ್ಟು ನಮ್ಮ ದ್ವೀಪಗಳ ಭಾಷೆಯಲ್ಲಿ.

ಬೋರ್ಡು ಪೂರ್ತಿ ಒರೆಸಿ ಒಂದು ಚೌಕ ಬರೆದಳು. "ಇದೊಂದು ಹುಲ್ಲುಗಾವಲು. ಒಂದೊಂದು ಬದೀನೂ ಎಕ್ಸ್. ಎರಡು ಕಡೆ ಬೇಲಿನ ಸ್ವಲ್ಪ ಆಚೆ ಸರಿಸ್ತೀನಿ. ಜಾಗ ಎಷ್ಟು ಜಾಸ್ತಿ ಆಯ್ತು? ಎರಡು ಉದ್ದ ಪಟ್ಟಿ, ಮೂಲೇಲಿ ಒಂದು ಪುಟ್ಟ ಚೌಕ. ಅದನ್ನ ಬೇಲಿ ಸರಿಸಿದ ದೂರದಿಂದ ಭಾಗಿಸಿದ್ರೆ ಎರಡು ಎಕ್ಸ್, ಜೊತೆಗೆ ಆ ಸ್ವಲ್ಪ ದೂರ. ಬೇಲಿನ ಕಮ್ಮಿ ಕಮ್ಮಿ ಸರಿಸ್ತಾ ಹೋದ್ರೆ ಎರಡು ಎಕ್ಸ್ ಹತ್ರಕ್ಕೇ ಹೋಗ್ತೀವಿ."

"ಮೂಲೆಯ ಚೌಕವನ್ನು ಯಾವ ಹಕ್ಕಿನಿಂದ ಬಿಟ್ಟಿರಿ? ಸಣ್ಣದು ಎಂದರೆ ಇಲ್ಲ ಎಂದಲ್ಲ," ಎಂದರು ನಿನ್ನ ಅಪ್ಪ, ಡೇನಿಶ್‌ನಲ್ಲೇ.

ಈ ಮಾತು ನಿನಗೆ ನೆನಪಿರಬೇಕು. ನಮ್ಮ ಊಟದ ಮೇಜಿನಲ್ಲಿ ಇದನ್ನು ಕೇಳಿ ಕೇಳಿಯೇ ನೀನು ಪುಸ್ತಕ ಮುಚ್ಚಿಟ್ಟು ಎದ್ದುಹೋಗುತ್ತಿದ್ದದ್ದು. ರಾನ್ವಾ ಎದ್ದುಹೋಗಲಿಲ್ಲ. ಸೊಂಟಕ್ಕೆ ಕೈಯಿಟ್ಟು ತಿರುಗಿ ನಿಂತಳು.

"ನಾನೆಲ್ಲಿ ಬಿಟ್ಟೆ? ಅದು ಅಲ್ಲೇ ಇದೆ, ನೋಡಿ. ಎರಡು ಎಕ್ಸ್‌ಗೆ ಎಷ್ಟು ಹತ್ರ ಬೇಕು ಅಂತ ನೀವು ಹೇಳಿ, ಅಷ್ಟು ಹತ್ರ ಬರೋ ಹಾಗೆ ಬೇಲಿ ಇಡ್ತೀನಿ. ಇನ್ನೂ ಹತ್ರ ಅಂದ್ರೆ ಇನ್ನೂ ಹತ್ರ. ಕೇಳಿ ಕೇಳಿ ನಿಮಗೇ ಸುಸ್ತಾಗಬೇಕು."

ನಿನ್ನ ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಹಾಗಾದ್ರೆ ಎಕ್ಸ್ ಘನಕ್ಕೆ ಏನ್ ಮಾಡ್ತೀಯ?" ಎಂದರು. ಈ ಪ್ರಶ್ನೆ ನಮ್ಮ ಭಾಷೆಯಲ್ಲಿ ಬಂತು. ಬಂದದ್ದು ಅವರಿಗೇ ಗೊತ್ತಾಗಲಿಲ್ಲ.

ಘನವನ್ನು ನಾನು ಅವಳಿಗೆ ಕಲಿಸಿರಲೇ ಇಲ್ಲ. ಒಂದು ಪೆಟ್ಟಿಗೆ ಬರೆದಳು, ಸ್ವಲ್ಪ ಹೊತ್ತು ತಲೆ ಓರೆಮಾಡಿ ನೋಡಿದಳು. "ಮೂರು ಮುಖಕ್ಕೆ ಮೂರು ಹಲಗೆ. ಹಲಗೆಗಳ ಸಂದೀಲಿ ಮೂರು ಕೋಲು. ಮೂಲೇಲಿ ಒಂದು ಚೂರು. ಹಲಗೆ ತೆಳ್ಳಗಾಗ್ತಾ ಹೋದ ಹಾಗೆ ಕೋಲು, ಚೂರು ಎಲ್ಲಾ ಇನ್ನೂ ಬೇಗ ಸೊರಗ್ತವೆ. ಮೂರು ಎಕ್ಸ್ ವರ್ಗ ಇರ್ಬೇಕು," ಎಂದಳು. ಅಷ್ಟರಲ್ಲಿ ಸಮಯವಾಯಿತು. ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿದೆವು.

"ಎರಡು," ಎಂದರು ನಿನ್ನ ಅಪ್ಪ. "ಮಿತಿ ಅನ್ನೋ ಪದ ಒಂದ್ಸಲಾನೂ ಅವಳ ಬಾಯಲ್ಲಿ ಬರಲಿಲ್ಲ."

"ಎಷ್ಟು ಹತ್ರ ಬೇಕೋ ಅಷ್ಟು ಹತ್ರ ಅಂದಳಲ್ಲ, ಮಿತಿ ಅಂದ್ರೆ ಅದೇ ತಾನೆ! ನಾಲ್ಕು."

"ಚಿತ್ರ ತೋರಿಸಿ ಮಕ್ಕಳನ್ನ ಮುದ್ದು ಮಾಡ್ತೀಯ ನೀನು. ನಾಳೆ ಚಿತ್ರ ಬರೆಯೋಕಾಗದ ಲೆಕ್ಕ ಬರುತ್ತೆ. ಆಗ?"

"ಆಗ ಕಲೀತಾಳೆ. ಒಳಗೆ ಕಾಲಿಡೋಕೆ ಬಿಟ್ರೆ ತಾನೆ ಕಲಿಯೋದು? ಇಲ್ಲೇ ಹುಟ್ಟಿ ಬೆಳೆದ ನೀನು ಸ್ವೀನೋಯ್ ಹುಡುಗಿ ಮುಂದೆ ಡೇನಿಶ್ ಆಡ್ತಾ ಕೂತಿದ್ಯಲ್ಲ, ನಿಮ್ಮಮ್ಮ ಇದ್ದಿದ್ರೆ ಏನಂತಿದ್ರು?"

"ನಾನಿಲ್ಲಿ ಪರೀಕ್ಷಕ."

"ಮನೇಲೂ ಅದೇ ಆಗಿದ್ದೆ, ಟ್ರೋಂದುರ್! ಊಟಕ್ಕೆ ಕೂತ್ರೆ ಪರೀಕ್ಷೆ, ಮಲಗೋಕೆ ಹೋದ್ರೆ ಪರೀಕ್ಷೆ!"

ನನ್ನ ದನಿ ಎಷ್ಟು ಏರಿತ್ತೋ ನನಗೆ ತಿಳಿಯಲಿಲ್ಲ. ನೀನು ಹಟಮಾರಿ, ನೀನು ಕಲ್ಲು ಎಂದು ಕನ್ನಡಿಯ ಮುಂದೆ ಕಲಿತದ್ದೆಲ್ಲ ಬಂತು, ಕಲಿಯದ್ದೂ ಬಂತು. ಅವರೂ ಸುಮ್ಮನಿರಲಿಲ್ಲ. ಆಗ ಬಾಗಿಲು ಬಡಿದ ಸದ್ದು. ರಾನ್ವಾ ತಲೆ ಒಳಗಿಟ್ಟು, ಇಲ್ಲಿನ ಮಕ್ಕಳೆಲ್ಲ ಕರೆಯುವಂತೆ ನನ್ನನ್ನು ಹೆಸರಿನಿಂದಲೇ ಕರೆದಳು.

"ಸುನ್ನಿವಾ, ಜಗಳ ನನ್ನ ಅಂಕದ್ದಾದ್ರೆ ಹೊರಗೆ ಕಾಯ್ತೀನಿ. ನಿಮ್ಮಿಬ್ಬರದ್ದಾದ್ರೆ ನನ್ನದನ್ನ ಮೊದಲು ಹೇಳ್ಬಿಡಿ. ನನ್ನ ದೋಣಿ ಹೊರಡೋ ಹೊತ್ತಾಯ್ತು."

ಬಾಗಿಲು ಮತ್ತೆ ಮುಚ್ಚಿತು. ನಾನು ನೆಲ ನೋಡುತ್ತಿದ್ದೆ. ನಿನ್ನ ಅಪ್ಪ ಎದ್ದುಹೋಗಿ ಬೋರ್ಡಿನ ಮುಂದೆ ನಿಂತು ಆ ಪೆಟ್ಟಿಗೆಯನ್ನು, ಅದರ ಹಲಗೆಗಳನ್ನು ಒಂದೊಂದಾಗಿ ನೋಡಿದರು.

"ಏಳು," ಎಂದರು.

"ನಾನು ಕೇಳಿದ್ದು ನಾಲ್ಕು."

"ನಾನು ಜಾಸ್ತಿ ಕೊಡಲ್ಲ ಅಂದ್ಕೊಂಡು ನೀನು ನಾಲ್ಕು ಕೇಳಿದೆ. ನಿನ್ನ ಶಿಷ್ಯೆ ಅಂತ ನಾನು ಎರಡು ಅಂದೆ. ಹುಡುಗಿ ಬರೆದದ್ದನ್ನ ನಾವಿಬ್ರೂ ನೋಡಲೇ ಇಲ್ಲ. ಈಗ ನೋಡು."

ನೋಡಿದೆ. ಏಳು ಎಂದು ಬರೆದು ಇಬ್ಬರೂ ಸಹಿ ಹಾಕಿದೆವು. ಒಳಗೆ ಕರೆದು ಹೇಳಿದಾಗ ರಾನ್ವಾ, "ಏಳಾ? ಯಾರದ್ದು?" ಎಂದಳು. ಆಮೇಲೆ ಸೀಮೆಸುಣ್ಣದ ಕೈಯಲ್ಲೇ ನಿನ್ನ ಅಪ್ಪನ ಕಪ್ಪು ಕೋಟನ್ನು ತಬ್ಬಿ, ಬಂದರಿನ ಕಡೆ ಓಡಿದಳು.

ಅಂದು ಸಂಜೆ ಮನೆಗೆ ಕರೆದೆ. ಒಣ ಕುರಿಮಾಂಸ, ಆಲೂಗಡ್ಡೆ, ಅಷ್ಟೇ ಇತ್ತು. ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಾ, "ಸೋಲ್ವಾ ನನ್ನ ಹತ್ರ ಲೆಕ್ಕದ ಮಾತೇ ಎತ್ತಲ್ಲ," ಎಂದರು. "ನೀನು ಬೇರೆ ಮಾತು ಎತ್ತು," ಎಂದೆ. "ಬೇರೆ ಏನಿದೆ ಅಂತ ನಂಗೆ ಗೊತ್ತಿಲ್ಲ," ಎಂದರು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಂಥ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. ಅವರಿಗೆ ಮರುದಿನದ ವಿಮಾನಕ್ಕೆ ಟಿಕೆಟ್ ಇತ್ತು.

ಅವರು ಫೋನ್ ಮಾಡಿದರೆ ಎತ್ತು, ಮಗಳೇ. ಹವಾಮಾನದಿಂದ ಶುರುಮಾಡುತ್ತಾರೆ, ಮಧ್ಯೆ ತಡವರಿಸುತ್ತಾರೆ. ಸ್ವಲ್ಪ ಕಾಯಿ. ಕ್ಷಮಿಸು ಎಂದು ನಾನು ಹೇಳುತ್ತಿಲ್ಲ. ನನ್ನದೇ ಲೆಕ್ಕ ಇನ್ನೂ ಮುಗಿದಿಲ್ಲ.

ನಿನ್ನ,
ಅಮ್ಮ

ಮರೆತ ಮಾತು: ನೀನು ಮನೆ ಬದಲಿಸಿದ ಮೇಲೆ ಹೊಸ ವಿಳಾಸವನ್ನು ಒಂದು ಕಾರ್ಡಿನಲ್ಲಿ ಅಪ್ಪನಿಗೆ ಮಾತ್ರ ಕಳಿಸಿದ್ದೆಯಂತೆ, ನನಗೆ ಹೇಳಲೇ ಇಲ್ಲ. ಆದ್ದರಿಂದ ಲಕೋಟೆಯ ಮೇಲಿನ ಅಕ್ಷರ ನನ್ನದಲ್ಲ, ಅದು ನಿನಗೆ ತೆರೆಯುವ ಮೊದಲೇ ಗೊತ್ತಾಗಿರುತ್ತದೆ. ಆ ವಿಮಾನ ಹತ್ತದ ನಿನ್ನ ಅಪ್ಪ, ಅಂಚೆಗೆ ನಾನೇ ಹಾಕಿ ಬರುತ್ತೇನೆ ಎಂದು ಬೂಟು ತೊಟ್ಟು ಬಾಗಿಲಲ್ಲಿ ನಿಂತಿದ್ದಾರೆ. ಬರುವಾಗ ಹಾಲು ತರಲು ಹೇಳಿದ್ದೇನೆ.